ಮುಂಬಯಿ ತೊರೆದ ಕಾರವಾರ: ಕಳಕೊಂಡದ್ದೇನು, ಪಡಕೊಂಡದ್ದೇನು?

(ಕನ್ನಡ ರಾಜ್ಯೋತ್ಸವದ ಪ್ರಯುಕ್ತ ಅಂಕೋಲೆಯಲ್ಲಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 

ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಅದು ನನ್ನ ದಾದಾ, ಅಂದರೆ ತಂದೆಯ ತಂದೆಯವರದ್ದು. ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟಿರಲಿಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದು, ಅದರ ಬೆನ್ನಿಗೇ ರಾಷ್ಟ್ರೀಯ ಪೌರತ್ವ ನೋಂದಣಿಯ ಮಾತು ಕೇಳಿಬಂದಾಗ ನನ್ನ ತಂದೆಯವರು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಬಂದವರೇ ಅದನ್ನು ಕೆಳಗಿಳಿಸಿದರು. ಆ ದಿನಗಳಲ್ಲಿ ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಕೆಳಗಿಳಿದವು ಎಂಬುದನ್ನು ಇಲ್ಲಿ ಕುಳಿತಿರುವ ತಮಗೆ ನಾನು ಹೇಳಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಎರಡು ಬಗೆಯ ಕಾಗದಗಳಿದ್ದವು. ದಾದಾರ ಶಾಲೆಯ ದಾಖಲೆ, ಅಂಗಡಿಯ ಬಾಡಿಗೆ ಚೀಟಿಗಳು, ಹಿತ್ತಲಿನ ಕ್ರಯಪತ್ರ - ಇವುಗಳಲ್ಲಿ ಹೆಚ್ಚಿನವುಗಳ ಮೇಲೆ ಮುಂಬಯಿ ಸರಕಾರದ ಮೊಹರಿತ್ತು. ಅಡಿಯಲ್ಲಿ, ನಾಲ್ಕು ಮಡಿಕೆ ಮಾಡಿಟ್ಟ ಇನ್ನೊಂದು ಕಾಗದವಿತ್ತು. ಅದು ಕನ್ನಡದ ಒಂದು ನೋಟೀಸು. ಮೊದಲಿನವು ಇಂದು ಇಲ್ಲದ ರಾಜ್ಯವೊಂದರ ಕಾಗದಗಳು. ಎರಡನೆಯದು ನಾವಿಂದು ಬದುಕುತ್ತಿರುವ ರಾಜ್ಯದ್ದು. ಈ ಎರಡು ಬಗೆಯ ಕಾಗದಗಳ ನಡುವೆ ನಿಂತು, ಒಬ್ಬ ಸಾಮಾನ್ಯ ಪ್ರಜೆಯಾಗಿ ನನಗೆ ಅನಿಸಿದ್ದನ್ನು ಇಂದು ತಮ್ಮ ಮುಂದಿಡುತ್ತೇನೆ.

ಕಾರವಾರ-ಅಂಕೋಲೆಯ ಜನ ಊರು ಬಿಡದೆಯೇ ರಾಜ್ಯ ಬದಲಾಯಿಸಿದವರು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಬಳಿಕ ಈ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು, ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರಾಗಿ ಬಂದ, ನಾವು ಮದರಾಸಿನವರಾದೆವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರಣ ನಮ್ಮ ಹಿತವಲ್ಲ. ಆಗ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕೊರತೆಯಾಗಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೇರಿಸಲು ಕಾರವಾರ ಬಂದರು ಬೇಕಾಗಿತ್ತು. ಹತ್ತಿ ಬೆಳೆಯುವ ನೆಲವೂ ಬಂದರೂ ಒಂದೇ ಪ್ರಾಂತದಲ್ಲಿದ್ದರೆ ಅನುಕೂಲವೆಂದು ವ್ಯಾಪಾರಿಗಳು ಒತ್ತಾಯಿಸಿದರು. ಹೀಗೆ ನಮ್ಮ ಹಿರಿಯರ ಹಣೆಬರಹವನ್ನು ಮ್ಯಾಂಚೆಸ್ಟರಿನ ಹತ್ತಿಯ ಲೆಕ್ಕ ಬರೆಯಿತು. ಕಾರವಾರದ ಮೀನುಗಾರನನ್ನಾಗಲೀ ಅಂಕೋಲೆಯ ಗೇಣಿದಾರನನ್ನಾಗಲೀ ಯಾರೂ ಕೇಳಲಿಲ್ಲ.

ಆದರೆ 94 ವರ್ಷಗಳ ಸಂಬಂಧ ಬರಿಯ ಆಡಳಿತದ ಸಂಬಂಧವಾಗಿ ಉಳಿಯುವುದಿಲ್ಲ. ನನ್ನ ದಾದಾ ಯೌವನದಲ್ಲಿ ಕಾರವಾರದಿಂದ ಆಗಬೋಟು ಹತ್ತಿ ಮುಂಬಯಿಗೆ ಹೋಗಿ ಬಟ್ಟೆಯ ಗಂಟು ತರುತ್ತಿದ್ದರಂತೆ. ಅಂಕೋಲೆಯ ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ. ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ, ಕುರ್‌ಆನ್ ಮತ್ತು ಉರ್ದು ಓದಿದ್ದು ಮಕ್ತಬಿನಲ್ಲಿ, ವ್ಯಾಪಾರ ಮಾಡಿದ್ದು ಕೊಂಕಣಿಯಲ್ಲಿ. ಹೈಕೋರ್ಟು ಎಂದರೆ ಅವರಿಗೆ ಮುಂಬಯಿ, ದೊಡ್ಡ ಆಸ್ಪತ್ರೆ ಎಂದರೂ ಮುಂಬಯಿ. ಸ್ವಾತಂತ್ರ್ಯ ಹೋರಾಟದಲ್ಲೂ ಇದೇ ನಂಟು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದಾಗ, 1932ರಲ್ಲಿ ರೈತರು ಕರ ನಿರಾಕರಿಸಿ ಮನೆಮಾರು ಕಳಕೊಂಡಾಗ ಈ ಊರನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆದರು. ಗುಜರಾತಿನ ಆ ಬಾರ್ಡೋಲಿಯೂ ಆಗ ನಮ್ಮದೇ ಮುಂಬಯಿ ಪ್ರಾಂತದಲ್ಲಿತ್ತು. ಒಬ್ಬನೇ ಗವರ್ನರನ ವಿರುದ್ಧ ಎರಡೂ ಊರು ಸೆಟೆದು ನಿಂತಿದ್ದವು. ಅಂಕೋಲೆಯ ಅಲಗೇರಿಯಲ್ಲಿ ಹುಟ್ಟಿದ ಚುಟುಕು ಕವಿ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಹಡಗು ಕಾರ್ಮಿಕರನ್ನು ಸಂಘಟಿಸಿದ್ದೂ, ಇಲ್ಲಿನ ರೈತರ ಪರ ನಿಂತದ್ದಕ್ಕಾಗಿ 1940ರಲ್ಲಿ ಅದೇ ಮುಂಬಯಿ ಸರಕಾರದಿಂದ ಜಿಲ್ಲೆಯಿಂದ ಗಡೀಪಾರಾದದ್ದೂ ಇದೇ ಕಥೆಯ ಎರಡು ಮುಖಗಳು. ಮುಂಬಯಿ ನಮಗೆ ಅನ್ನವನ್ನೂ ಕೊಟ್ಟಿತ್ತು, ಏಟನ್ನೂ ಕೊಟ್ಟಿತ್ತು.

1953ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಸೈಯದ್ ಫಝಲ್ ಅಲಿ. ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. ಇಂದಿನ ಯುವಕರಿಗೆ ಈ ಹೆಸರನ್ನು ಮತ್ತೆ ಮತ್ತೆ ನೆನಪಿಸಬೇಕು. ದೇಶ ಒಡೆದು ಆರು ವರ್ಷ ಕಳೆದಿತ್ತಷ್ಟೇ. ಮುಸ್ಲಿಮನ ನಿಷ್ಠೆಯನ್ನು ಬೀದಿಬೀದಿಗಳಲ್ಲಿ ಪ್ರಶ್ನಿಸಲಾಗುತ್ತಿದ್ದ ಕಾಲದಲ್ಲಿ, ಭಾರತದ ಒಳಗಿನ ಗೆರೆಗಳನ್ನು ಹೇಗೆ ಎಳೆಯಬೇಕೆಂದು ಸೂಚಿಸುವ ಹೊಣೆ ಒಬ್ಬ ಮುಸ್ಲಿಮ್ ನ್ಯಾಯಾಧೀಶರ ಅಧ್ಯಕ್ಷತೆಗೆ ಒಪ್ಪಿಸಲ್ಪಟ್ಟಿತ್ತು. 1955ರ ಸೆಪ್ಟೆಂಬರ್ 30ರಂದು ಆಯೋಗ ವರದಿ ಕೊಟ್ಟಿತು. ಉತ್ತರ ಕನ್ನಡ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಬೇಕೆಂದಿತು. 1956ರ ನವೆಂಬರ್ 1ರಂದು ನಾವು ಮುಂಬಯಿಯನ್ನು ತೊರೆದು ಮೈಸೂರು ರಾಜ್ಯಕ್ಕೆ ಬಂದೆವು. ಟಿಪ್ಪುವಿನ ಕಾಲದಲ್ಲಿ ಕಳಚಿಕೊಂಡ ಕೊಂಡಿ 157 ವರ್ಷಗಳ ಬಳಿಕ ಮತ್ತೆ ಕೂಡಿತು. 1973ರ ನವೆಂಬರ್ 1ರಂದು ಆ ರಾಜ್ಯದ ಹೆಸರು ಕರ್ನಾಟಕವಾಯಿತು.

ಕನ್ನಡದ ಮನಸ್ಸುಗಳಿಗೆ ಅದು ಹಬ್ಬ. ಆದರೆ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ದಾದಾ ಕೊನೆಯವರೆಗೂ "ನಮ್ಮ ಮುಂಬಯಿ" ಎಂದೇ ಹೇಳುತ್ತಿದ್ದರು. ಹುಡುಗನಾಗಿದ್ದಾಗ ನನಗೆ ಇದು ವಿಚಿತ್ರವೆನಿಸುತ್ತಿತ್ತು. ಮದ್ರಸದಲ್ಲಿ ಸೀರತ್ ಓದುವಾಗ ಅದು ಅರ್ಥವಾಯಿತು. ಮಕ್ಕಾ ಬಿಟ್ಟು ಹೊರಡುವಾಗ ಪ್ರವಾದಿ ಮುಹಮ್ಮದ್(ಸ)ರು ಆ ನಗರದತ್ತ ತಿರುಗಿ, ಅದು ತಮಗೆಷ್ಟು ಪ್ರಿಯವೆಂದು ಹೇಳಿದ್ದರು. ತಮ್ಮನ್ನು ಹಿಂಸಿಸಿದ ನಗರದ ಬಗ್ಗೆ ಆಡಿದ ಮಾತದು. ಬಿಟ್ಟು ಬಂದುದರ ಮೇಲಿನ ಪ್ರೀತಿ ದ್ರೋಹವಲ್ಲ. ಅದೇ ಪ್ರವಾದಿಯವರು(ಸ) ಮದೀನಾಕ್ಕೆ ಬಂದ ಮೇಲೆ ಮದೀನಾವನ್ನು ಕಟ್ಟಿದರು. ನಮ್ಮಲ್ಲಿ ಅನೇಕರು ಮೊದಲಿನ ಸುನ್ನತನ್ನು ಪಾಲಿಸಿದೆವು, ಎರಡನೆಯದನ್ನು ಮರೆತೆವು.

ಇಲ್ಲಿ ಆ ನೋಟೀಸಿನ ವಿಷಯಕ್ಕೆ ಬರುತ್ತೇನೆ. 1960ರ ದಶಕದ ಕೊನೆಯಲ್ಲಿ ನಮ್ಮ ತೆಂಗಿನ ಹಿತ್ತಲಿನ ಎಂಟು ಗುಂಟೆಯ ಬಗ್ಗೆ ಸರಕಾರಿ ಕಚೇರಿಯೊಂದರಿಂದ ಕಾಗದ ಬಂತು. ಪಕ್ಕದವರು ಆ ಜಾಗ ತಮ್ಮದೆಂದು ಅರ್ಜಿ ಕೊಟ್ಟಿದ್ದರು. ತಕರಾರಿದ್ದರೆ ಮೂವತ್ತು ದಿನಗಳೊಳಗೆ ಹಾಜರಾಗಬೇಕೆಂದು ಅದರಲ್ಲಿ ಬರೆದಿತ್ತು. ದಾದಾರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಓದಿಸಲು ಸಂಕೋಚ. ಅಂಗಡಿಯ ಯಜಮಾನನೊಬ್ಬ ಶಾಲಾ ಮಕ್ಕಳ ಮುಂದೆ ಕಾಗದ ಹಿಡಿದು ನಿಲ್ಲುವುದೇ? ಯಾವುದೋ ಕಂದಾಯದ ಚೀಟಿಯಿರಬೇಕೆಂದು ಮಡಚಿ ಪೆಟ್ಟಿಗೆಗೆ ಹಾಕಿದರು. ಎಂಟು ಗುಂಟೆ ಹೋಯಿತು. ಮೇಲ್ಮನವಿ ಸಲ್ಲಿಸಲು ಹೋದಾಗ ಅವಧಿ ಮೀರಿದೆಯೆಂದು ಹೇಳಿ ಕಳುಹಿಸಿದರು. ಆ ಮೇಲೆ ಮೂವತ್ತು ವರ್ಷಗಳ ಕಾಲ ನಮ್ಮ ಮನೆಯಲ್ಲಿ ಈ ನಷ್ಟಕ್ಕೆ ಒಂದೇ ವಿವರಣೆಯಿತ್ತು: "ಮುಂಬಯಿ ಸರಕಾರ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ."

ಪತ್ರಕರ್ತನಾದ ಮೇಲೆ ನಾನು ಹಳೆಯ ಕಾಗದಗಳನ್ನು ನೋಡಲು ಕಲಿತೆ. ಆಗ ನನ್ನ ಕಣ್ಣು ತೆರೆಯಿತು. ಈ ಜಿಲ್ಲೆಯ ಶಾಲೆ-ಕಚೇರಿಗಳಿಗೆ ಕನ್ನಡವು 1956ರಲ್ಲಿ ಬಂದ ಹೊಸ ಅತಿಥಿಯಲ್ಲ. ಮುಂಬಯಿಯ ಆಳ್ವಿಕೆಯಲ್ಲೂ ಇಲ್ಲಿ ಕನ್ನಡ ಶಾಲೆಗಳಿದ್ದವು, ಕನ್ನಡದಲ್ಲಿ ವ್ಯವಹಾರ ನಡೆಯುತ್ತಿತ್ತು. ನೆರೆಮನೆಯ ಹಾಲಕ್ಕಿ ಒಕ್ಕಲಿಗರೂ ನಾಡವರೂ ಕನ್ನಡದಲ್ಲೇ ಬದುಕಿದ್ದರು. ಅಂದರೆ ನಮ್ಮ ಎಂಟು ಗುಂಟೆಯನ್ನು ಕಸಿದದ್ದು ಕರ್ನಾಟಕವಲ್ಲ, ನೆಲದ ಭಾಷೆಯನ್ನು ನಮ್ಮದಲ್ಲವೆಂದು ದೂರವಿಟ್ಟ ನಮ್ಮದೇ ಅಭ್ಯಾಸ. ಆ ಮೂವತ್ತು ದಿನಗಳಲ್ಲಿ ಒಂದು ದಿನ, ಯಾರಾದರೊಬ್ಬರು ಆ ಕಾಗದವನ್ನು ಓದಿ ಹೇಳಿದ್ದರೆ ಸಾಕಿತ್ತು. ಅದೇ ವೇಳೆ, ಓದು ಬಾರದ ಪ್ರಜೆಯ ಮನೆಗೆ ಕಾಗದ ಎಸೆದು ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುವ ಆಡಳಿತ ನ್ಯಾಯದ ಆಡಳಿತವಲ್ಲ ಎಂಬುದನ್ನೂ ಹೇಳಲೇಬೇಕು. ಒಂದು ತಪ್ಪು ಇನ್ನೊಂದನ್ನು ಮನ್ನಾ ಮಾಡುವುದಿಲ್ಲ.

ನಾನು ಇದನ್ನು ದಾದಾರ ಬಳಿ ಒಮ್ಮೆ ಹೇಳಿದ್ದೆ. ಅವರು ಒಪ್ಪಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನನ್ನ ಕೈಯಿಂದ ಕನ್ನಡ ಪತ್ರಿಕೆ ತೆಗೆದುಕೊಂಡು ಶೀರ್ಷಿಕೆಯ ಅಕ್ಷರಗಳನ್ನು ಒಂದೊಂದಾಗಿ ಕೇಳತೊಡಗಿದರು. ಆಗ ಅವರಿಗೆ ಎಂಬತ್ತು ದಾಟಿತ್ತು.

ಸಹೋದರರೇ, ಪ್ರತಿಯೊಬ್ಬ ಸಂದೇಶವಾಹಕನನ್ನೂ ಅವನ ಜನಾಂಗದ ಭಾಷೆಯಲ್ಲೇ ಕಳುಹಿಸಲಾಯಿತೆಂದು ಪವಿತ್ರ ಕುರ್‌ಆನಿನ ಇಬ್ರಾಹೀಮ್ ಅಧ್ಯಾಯ ತಿಳಿಸುತ್ತದೆ. ಪ್ರವಾದಿ(ಸ)ರು ತಮ್ಮ ಯುವ ಲಿಪಿಕಾರ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರಹವನ್ನು ಕಲಿಯಲು ಹೇಳಿದ್ದರು. ಬರುವ ಪತ್ರ ಓದುವುದಕ್ಕೂ ಉತ್ತರ ಬರೆಯುವುದಕ್ಕೂ ಇತರರನ್ನು ಅವಲಂಬಿಸಬಾರದು ಎಂಬುದೇ ಅದರ ಕಾರಣ. ಹದಿನಾಲ್ಕು ಶತಮಾನಗಳ ಹಿಂದೆ ಕಲಿಸಿದ ಈ ಪಾಠ ನಮ್ಮ ಹಿತ್ತಲಿಗೆ ತಲುಪಿದ್ದರೆ ಎಂಟು ಗುಂಟೆ ಉಳಿಯುತ್ತಿತ್ತು. ಉರ್ದು ನಮ್ಮ ಧಾರ್ಮಿಕ ಜ್ಞಾನದ ಖಜಾನೆ, ಕೊಂಕಣಿ ಈ ಕರಾವಳಿಯ ಸವಿ. ಅವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಕನ್ನಡ ಬಲ್ಲವನು ಮಾತ್ರ ಈ ನೆಲದಲ್ಲಿ ತನ್ನ ಹಕ್ಕನ್ನು ತಾನೇ ಓದಬಲ್ಲ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡದಲ್ಲೇ ಬರೆದರು. ಹಾಸನದ ಬಾನು ಮುಷ್ತಾಕ್ 2025ರಲ್ಲಿ ಕನ್ನಡದ ಕಥೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ತಂದರು. ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಮುಸ್ಲಿಮರ ಮನೆಯ ಮಾತು ಕನ್ನಡದ ಮಾತೂ ಹೌದು ಎಂಬುದನ್ನು ಜಗತ್ತೇ ಒಪ್ಪಿದ ಮೇಲೆ ನಾವು ಅನುಮಾನಿಸುವುದು ಸರಿಯಲ್ಲ.

ಹಾಗಾದರೆ ಮುಂಬಯಿ ತೊರೆದು ನಾವು ಪಡೆದದ್ದೇನು? ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೈಸೂರು ಸಂಸ್ಥಾನ 1918ರಲ್ಲೇ ಮಿಲ್ಲರ್ ಸಮಿತಿಯನ್ನು ನೇಮಿಸಿ, ಮುಸ್ಲಿಮರೂ ಸೇರಿದಂತೆ ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಪಾಲು ಸಿಗಬೇಕೆಂಬ ದಾರಿ ಹಿಡಿದಿತ್ತು. ನಾವು ಆ ಪರಂಪರೆಯ ವಾರಸುದಾರರಾದೆವು. ಇಂದಿನ 2ಬಿ ಪ್ರವರ್ಗದ ಶೇಕಡಾ 4 ಮೀಸಲಾತಿಯ ಬೇರು ಅಲ್ಲಿದೆ. 2023ರ ಮಾರ್ಚಿನಲ್ಲಿ ಅಂದಿನ ರಾಜ್ಯ ಸರಕಾರ ಅದನ್ನು ರದ್ದುಪಡಿಸಲು ಹೊರಟಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆದೇಶ ಜಾರಿಗೆ ಬರಲಿಲ್ಲ. ಪಡೆದದ್ದು ಶಾಶ್ವತವೆಂದು ಮೈಮರೆಯಬಾರದು ಎಂಬುದಕ್ಕೆ ಇದು ಎಚ್ಚರಿಕೆ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಸಿಕ್ಕಿತು. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಬಡವರ ಮಕ್ಕಳು ಜಾತಿ-ಧರ್ಮದ ಭೇದವಿಲ್ಲದೆ ಓದಿದರು.

ಸಿಗದೆ ಹೋದುದೂ ಇದೆ. ಮುಂಬಯಿಯ ಹೈಕೋರ್ಟಿನ ಬದಲು ಐನೂರು ಕಿಲೋಮೀಟರ್ ದೂರದ ಬೆಂಗಳೂರಿನ ಹೈಕೋರ್ಟು ಸಿಕ್ಕಿತು. ಧಾರವಾಡದಲ್ಲಿ ಪೀಠ ಬರಲು 2008ರವರೆಗೆ ಕಾಯಬೇಕಾಯಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ-ಅಂಕೋಲೆಯ ಸಾವಿರಾರು ಕುಟುಂಬಗಳು ಭೂಮಿ, ಕಡಲು ಎರಡನ್ನೂ ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ಅವು ದಶಕಗಳ ಕಾಲ ಅಲೆದವು. ಗಂಭೀರ ಕಾಯಿಲೆ ಬಂದರೆ ಇಂದಿಗೂ ಕಾರವಾರದವರು ಗೋವಾದತ್ತ, ಅಂಕೋಲೆಯವರು ಮಂಗಳೂರು-ಮಣಿಪಾಲದತ್ತ ಓಡುತ್ತಾರೆ. ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯ ಜನ ಬೀದಿಗಿಳಿದು ಕೂಗಿದ್ದಾರೆ. ರಾಜ್ಯೋತ್ಸವದ ಧ್ವಜ ಹಾರಿಸುವವರು ಈ ಕೂಗನ್ನೂ ಕೇಳಬೇಕು.

ಒಂದು ಕೂಟವನ್ನು ಸೇರುವುದು, ಬಿಡುವುದು ಮತದಾನದಿಂದ ನಿರ್ಧಾರವಾದರೆ ಎಲ್ಲವೂ ಸರಿಹೋಗುತ್ತದೆಯೇ? ನಮ್ಮ ಪಕ್ಕದ ಗೋವಾವನ್ನೇ ನೋಡಿ. 1961ರ ಡಿಸೆಂಬರಿನಲ್ಲಿ ಅದು ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಬೇಡವೇ ಎಂದು 1967ರ ಜನವರಿ 16ರಂದು ಜನಮತ ಕೇಳಿದಾಗ 1,72,191 ಮಂದಿ ಬೇಡವೆಂದರು, 1,38,170 ಮಂದಿ ಬೇಕೆಂದರು. ಬೇಕೆಂದವರು ಮರುದಿನ ಗೋವಾ ಬಿಟ್ಟು ಹೋಗಲಿಲ್ಲ, ಅವರನ್ನು ಯಾರೂ ಓಡಿಸಲೂ ಇಲ್ಲ. ಇನ್ನು ಬ್ರಿಟನ್ 2016ರ ಜೂನ್ 23ರಂದು ಯುರೋಪಿಯನ್ ಒಕ್ಕೂಟ ಬಿಡಲು ಮತ ಹಾಕಿತು. ಬಿಡೋಣವೆಂದವರು ಶೇಕಡಾ 51.9, ಇರೋಣವೆಂದವರು 48.1. ಬಿಡುವಷ್ಟರಲ್ಲಿ 2020ರ ಜನವರಿ 31 ಆಯಿತು. ಒಂದೇ ಮನೆಯ ತಂದೆ-ಮಗ ಬೇರೆ ಬೇರೆ ಕಡೆ ಮತ ಹಾಕಿದ ದೇಶದಲ್ಲಿ ಗೆದ್ದವರು ಸೋತವರೊಂದಿಗೆ ಹೇಗೆ ಬದುಕುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. ಎಣಿಕೆ ಒಂದು ರಾತ್ರಿಯಲ್ಲಿ ಮುಗಿಯುತ್ತದೆ, ಈ ಪರೀಕ್ಷೆ ಮುಗಿಯಲು ತಲೆಮಾರುಗಳು ಬೇಕು.

ನಮ್ಮ ಗಡಿಯ ಪ್ರಶ್ನೆಯೂ ಇನ್ನೂ ಮುಗಿದಿಲ್ಲ. ಕಾರವಾರ, ಸೂಪಾ, ಹಳಿಯಾಳ ತನಗೆ ಸೇರಬೇಕೆಂದು ಮಹಾರಾಷ್ಟ್ರ ವಾದಿಸಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ವರದಿಯನ್ನು ಅದು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಚುನಾವಣೆ ಬಂದಾಗ ಎರಡೂ ಕಡೆಯ ರಾಜಕಾರಣಿಗಳಿಗೆ ಗಡಿ ನೆನಪಾಗುತ್ತದೆ. 2022ರ ಡಿಸೆಂಬರಿನಲ್ಲಿ ಬಸ್ಸುಗಳಿಗೆ ಮಸಿ ಬಳಿದು ಕಲ್ಲು ತೂರಿದರು. ಪೆಟ್ಟು ತಿಂದದ್ದು ಬಡ ಚಾಲಕ, ಬಡ ಪ್ರಯಾಣಿಕ. ಮರಾಠಿ ಮಾತನಾಡುವ ಕಾರವಾರದ ನೆರೆಯವನನ್ನು ಶಂಕೆಯಿಂದ ನೋಡುವವರಿಗೆ ನಾವು ಮುಸ್ಲಿಮರು ಕೈಜೋಡಿಸಬಾರದು. ಶಂಕೆಯ ಕಣ್ಣು ಎಷ್ಟು ಚುಚ್ಚುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಗಡಿಗೆ ಎರಡು ಮುಖಗಳಿವೆ. ಎರಡನ್ನೂ ನಾವು ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಮಾಜಾಳಿಯ ಆಚೆ ಗೋವಾದಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರು ಮನೆಗೆ ಬರಲಾಗದೆ ಪರದಾಡಿದರು. ಅತ್ತ ತಲಪಾಡಿಯಲ್ಲಿ ನಮ್ಮದೇ ರಾಜ್ಯ ರಸ್ತೆ ಮುಚ್ಚಿದ್ದರಿಂದ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಪ್ರಾಣ ಬಿಟ್ಟರು. ನಕ್ಷೆಯ ಗೆರೆ ಅಂದು ಗೋಡೆಯಾಗಿತ್ತು. ನಾಲ್ಕು ವರ್ಷಗಳ ಬಳಿಕ, 2024ರ ಜುಲೈ 16ರಂದು ಇದೇ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ, ಚಹಾದಂಗಡಿ, ಲಾರಿಗಳು ಗಂಗಾವಳಿಯ ಪಾಲಾದವು. ಮಣ್ಣಿನಡಿ ಸಿಲುಕಿದವರಲ್ಲಿ ಕೇರಳದ ಒಬ್ಬ ಲಾರಿ ಚಾಲಕನೂ ಇದ್ದ. ಕೇರಳದಿಂದ ಜನ ಬಂದರು, ಗೋವಾದಿಂದ ಹೂಳೆತ್ತುವ ಯಂತ್ರ ಬಂತು, ಈ ತಾಲೂಕಿನ ಜನ ತಮ್ಮ ಮನೆಯವರನ್ನು ಕಳಕೊಂಡ ದುಃಖದಲ್ಲೂ ಬಂದವರಿಗೆ ಗಂಜಿ-ನೀರು ಕೊಟ್ಟರು. ಎರಡು ತಿಂಗಳಿಗೂ ಹೆಚ್ಚು ಕಾಲದ ಬಳಿಕ ಆ ಲಾರಿ ಮತ್ತು ಚಾಲಕನ ದೇಹ ನದಿಯಿಂದ ಮೇಲೆ ಬಂತು. ಒಕ್ಕೂಟವೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಸಂವಿಧಾನದ ಪುಟದ ಜೊತೆಗೆ ಗಂಗಾವಳಿಯ ದಂಡೆಯನ್ನೂ ತೋರಿಸುತ್ತೇನೆ.

ಪ್ರವಾದಿತ್ವಕ್ಕೆ ಮುನ್ನ ಮಕ್ಕಾದಲ್ಲಿ ಒಂದು ಒಪ್ಪಂದವಾಗಿತ್ತು. ಹೊರಗಿನಿಂದ ಬಂದ ಯಮನಿನ ವ್ಯಾಪಾರಿಯೊಬ್ಬನ ಸರಕನ್ನು ಕೊಂಡ ಪ್ರಮುಖನೊಬ್ಬ ಹಣ ಕೊಡದೆ ವಂಚಿಸಿದ. ಆಗ ಕೆಲವು ಗೋತ್ರಗಳವರು ಸೇರಿ, ಮರ್ದಿತನು ಯಾರೇ ಆಗಿರಲಿ, ಅವನ ಹಕ್ಕು ದೊರಕುವ ತನಕ ಅವನ ಪರ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಅದು ಹಿಲ್ಫುಲ್ ಫುಝೂಲ್. ಅದರಲ್ಲಿ ಭಾಗವಹಿಸಿದ್ದ ಪ್ರವಾದಿ(ಸ)ರು, ಇಸ್ಲಾಮಿನ ಬಳಿಕವೂ ಅಂಥ ಒಪ್ಪಂದಕ್ಕೆ ಕರೆದರೆ ಓಗೊಡುವೆನೆಂದು ಹೇಳಿದ್ದಾರೆ. ಯಾವುದೇ ರಾಜಕೀಯ ಕೂಟವನ್ನು ಅಳೆಯಲು ಇದು ನಮ್ಮ ಕೈಯಲ್ಲಿರುವ ಮಾನದಂಡ. ರಾಜಧಾನಿ ಮುಂಬಯಿಯೋ ಬೆಂಗಳೂರೋ ಎಂಬುದು ಎರಡನೆಯ ಪ್ರಶ್ನೆ. ಹೊರಗಿನವನಿಗೆ, ಒಬ್ಬಂಟಿಗನಿಗೆ, ಕಾಗದ ಓದಲಾಗದವನಿಗೆ ಅಲ್ಲಿ ನ್ಯಾಯ ಸಿಗುತ್ತದೆಯೇ ಎಂಬುದು ಮೊದಲನೆಯದು.

ಈ ಮಾನದಂಡದಿಂದಲೇ 1947ರಲ್ಲೂ ನಮ್ಮ ಹಿರಿಯರು ನಿರ್ಧರಿಸಿದರು. ಮುಂಬಯಿಯಿಂದ ಕರಾಚಿಗೆ ಹಡಗುಗಳು ಹೋಗುತ್ತಿದ್ದ ದಿನಗಳಲ್ಲಿ ದಾದಾ ಹಡಗು ಹತ್ತಿದ್ದು ಅಂಕೋಲೆಗೆ ಮರಳಲಿಕ್ಕಾಗಿ. ಅವರು ಮುಂಬಯಿ ರಾಜ್ಯವನ್ನು ತೊರೆದರು, ಅದು ಸರಕಾರದ ನಿರ್ಧಾರ. ಭಾರತವನ್ನು ತೊರೆಯಲಿಲ್ಲ, ಅದು ಅವರ ಸ್ವಂತ ನಿರ್ಧಾರ. ಇಂದು ನಮ್ಮ ಮಕ್ಕಳಿಗೆ "ಪಾಕಿಸ್ತಾನಕ್ಕೆ ಹೋಗಿ" ಎನ್ನುವವರು ಇದನ್ನು ತಿಳಿಯಬೇಕು. ಈ ದೇಶದಲ್ಲಿ ಹುಟ್ಟಿದ್ದರಿಂದ ಮಾತ್ರ ನಾವು ಭಾರತೀಯರಲ್ಲ. ಹೋಗುವ ದಾರಿ ತೆರೆದಿದ್ದಾಗಲೂ ಉಳಿದವರ ಮಕ್ಕಳು ನಾವು.

ಕೊನೆಯದಾಗಿ ಮೂರು ವಿನಂತಿಗಳು. ಒಂದು, ನಮ್ಮ ಪ್ರತಿ ಮಸೀದಿಯ ಆಶ್ರಯದಲ್ಲಿ ವಾರಕ್ಕೊಂದು ಸಂಜೆ, ಸರಕಾರಿ ಕಾಗದ ಓದಿ ಹೇಳುವ, ಅರ್ಜಿ ಬರೆದುಕೊಡುವ ವ್ಯವಸ್ಥೆ ಆಗಲಿ. ಅದು ಎಲ್ಲ ಧರ್ಮದವರಿಗೂ ತೆರೆದಿರಲಿ. ಎರಡು, ಉರ್ದು ಶಾಲೆಗೆ ಹೋಗುವ ಮಕ್ಕಳೂ ಮದ್ರಸಕ್ಕೆ ಹೋಗುವ ಮಕ್ಕಳೂ ತಪ್ಪಿಲ್ಲದೆ ಕನ್ನಡ ಓದಿ ಬರೆಯುವಂತಾಗಲಿ. ಇದರ ಹೊಣೆ ತಂದೆಯಷ್ಟೇ ತಾಯಿಯದೂ ಹೌದು, ಆದ್ದರಿಂದ ಹೆಣ್ಣುಮಕ್ಕಳ ಓದು ನಿಲ್ಲದಿರಲಿ. ಮೂರು, ಗ್ರಾಮಸಭೆಗೆ, ವಾರ್ಡಿನ ಸಭೆಗೆ ಹೋಗಿ. ರಾಜ್ಯೋತ್ಸವಕ್ಕೆ ಅತಿಥಿಗಳಾಗಿ ಬರಬೇಡಿ, ಮನೆಯವರಾಗಿ ಬನ್ನಿ.

ಆ ರಾತ್ರಿ ನನ್ನ ತಂದೆ ಕಾಗದಗಳನ್ನೆಲ್ಲ ನೋಡಿ ಮುಗಿಸಿ ಮತ್ತೆ ಪೆಟ್ಟಿಗೆಗೆ ಇಟ್ಟರು. ಮುಂಬಯಿಯ ಮೊಹರಿನ ಕ್ರಯಪತ್ರವನ್ನು ಜೋಪಾನವಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಕನ್ನಡದ ನೋಟೀಸನ್ನು ಬಿಸಾಡಲೇ ಎಂದು ಕೇಳಿದರು. ಬೇಡವೆಂದೆ. ಅದನ್ನು ನನ್ನ ಏಳು ವರ್ಷದ ಮಗಳ ಕೈಗೆ ಕೊಟ್ಟೆ. ಆಕೆ ಅಂಕೋಲೆಯ ಶಾಲೆಯಲ್ಲಿ ಕಲಿಯುತ್ತಿದ್ದಳು. ಒಂದೆರಡು ಒತ್ತಕ್ಷರಗಳಲ್ಲಿ ತಡವರಿಸಿದರೂ, ಮೂವತ್ತು ದಿನಗಳೊಳಗೆ ಎಂಬಲ್ಲಿಯವರೆಗೆ ಸರಿಯಾಗಿಯೇ ಓದಿದಳು.

ಅಲ್ಲಾಹನು ನಮ್ಮ ನಾಡಿಗೂ ದೇಶಕ್ಕೂ ನ್ಯಾಯವನ್ನೂ ಶಾಂತಿಯನ್ನೂ ಅನುಗ್ರಹಿಸಲಿ.